ಕಾರ್ನೇರಾಗೆ ತಾನು ಗೆಲ್ತಿರೋದು ಸುಳ್ಳು ಅಂತ ಗೊತ್ತಿತ್ತಾ?

ಹಳೇಪೇಪರ್ · ಭಾನುವಾರ ಬೆಳಗ್ಗೆ 7:40

ಈ ವಿಭಾಗದಲ್ಲಿ ಕ್ರಿಕೆಟ್ ಬಿಟ್ಟು ಬೇರೆ ಗಾಳಿ ಬೀಸಿದ್ದು ನಾನಂತೂ ಕಂಡಿಲ್ಲ. ಆದ್ರೂ ಒಂದು ಪ್ರಶ್ನೆ ಮೂರು ದಿನದಿಂದ ತಲೆ ಕೊರೀತಿದೆ, ಇಲ್ಲೇ ಹಾಕ್ತೀನಿ. ಉದ್ದ ಇದೆ, ಕಾಫಿ ಹಿಡ್ಕೊಂಡು ಕೂತ್ಕೊಳ್ಳಿ.

ಪ್ರಿಮೋ ಕಾರ್ನೇರಾ, 1930ರ ದಶಕದ ಹೆವಿವೇಟ್ ಬಾಕ್ಸರ್. ಹುಟ್ಟಿದ್ದು 1906ರಲ್ಲಿ, ಇಟಲಿಯ ಈಶಾನ್ಯ ಮೂಲೆಯ ಸೆಕ್ವಾಲ್ಸ್ ಅನ್ನೋ ಹಳ್ಳಿಯಲ್ಲಿ. ಬಣ್ಣದ ಕಲ್ಲಿನ ಚೂರು ಜೋಡಿಸಿ ನೆಲಕ್ಕೆ ಚಿತ್ತಾರ ಕೂರಿಸೋ ಕೆಲಸಗಾರರಿಗೆ ಆ ಊರು ಹೆಸರುವಾಸಿ. ಇವನಪ್ಪನೂ ಅದೇ ಕಸುಬಿನವನು. ಮಗ ಮಾತ್ರ ಚೂರುಪಾರು ಆಗಲಿಲ್ಲ, ಇಡೀ ಬಂಡೆಯೇ ಆದ. ಹತ್ತಿರಹತ್ತಿರ 6 ಅಡಿ 6 ಅಂಗುಲ, ಸುಮಾರು 120 ಕೆಜಿ. ಹದಿಹರೆಯದಲ್ಲೇ ಕೂಲಿ ಹುಡುಕ್ಕೊಂಡು ಫ್ರಾನ್ಸ್‌ಗೆ ಹೋಗಿ, ಸರ್ಕಸ್ ಸೇರಿ, ಬಲಪ್ರದರ್ಶನ ಮಾಡ್ಕೊಂಡಿದ್ದ. 1928ರಲ್ಲಿ ಪಾಲ್ ಜೂರ್ನೆ ಅನ್ನೋ ಹಳೇ ಬಾಕ್ಸರ್ ಇವನನ್ನ ನೋಡಿ, ಪ್ಯಾರಿಸ್ಸಿನ ಲಿಯಾನ್ ಸೇ ಅನ್ನೋ ಬಾಕ್ಸಿಂಗ್ ಮ್ಯಾನೇಜರ್‌ಗೆ ಸುದ್ದಿ ಮುಟ್ಟಿಸಿದ.

ಸೇ ಕಂಡದ್ದು ಬಾಕ್ಸರ್‌ನನ್ನಲ್ಲ, ಟಿಕೆಟ್ ಕೌಂಟರನ್ನ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹುಡುಗನನ್ನ ಪ್ಯಾರಿಸ್ ರಿಂಗಿಗೆ ಹತ್ತಿಸಿಯೇ ಬಿಟ್ಟ. ಎಡಗೈ ಎಲ್ಲಿಡಬೇಕು, ಬಲಗಾಲು ಎಲ್ಲಿಡಬೇಕು ಅನ್ನೋದು ಇನ್ನೂ ಗೊತ್ತಿರದವನು ಒಂದರ ಮೇಲೊಂದು ಪಂದ್ಯ ಗೆಲ್ತಾ ಹೋದ.

ಆಗಿನ ವ್ಯವಹಾರ ಹೇಗಿತ್ತು ಅಂದ್ರೆ, 1929ರ ನವೆಂಬರ್‌ನಲ್ಲಿ ಲಂಡನ್ನಿನಲ್ಲಿ ಅಮೆರಿಕದ ಯಂಗ್ ಸ್ಟ್ರಿಬ್ಲಿಂಗ್ ಜೊತೆ ಪಂದ್ಯ. ಸ್ಟ್ರಿಬ್ಲಿಂಗ್ ನಿಯಮ ಮುರಿದ ಅಂತ ಕಾರ್ನೇರಾಗೆ ಗೆಲುವು. ಮೂರು ವಾರ ಕಳೆದು ಪ್ಯಾರಿಸ್ಸಿನಲ್ಲಿ ಅದೇ ಜೋಡಿ. ಈ ಸಲ ಕಾರ್ನೇರಾ ನಿಯಮ ಮುರಿದ ಅಂತ ಸ್ಟ್ರಿಬ್ಲಿಂಗ್‌ಗೆ ಗೆಲುವು. ಮದುವೆ ಮನೆ ಮುಯ್ಯಿ ಥರ! ನೀವು ನಮ್ಮನೆಗೆ ಎಷ್ಟು ಬರೆಸಿದ್ರೋ ನಾವು ನಿಮ್ಮನೆಗೆ ಅಷ್ಟೇ.

ಈಗ ಪ್ರಶ್ನೆ. ಸೋಲೋಕೆ ಅಂತ ಎದುರಾಳಿಗೆ ದುಡ್ಡು ಕೊಟ್ಟು ಮೊದಲೇ ಪಂದ್ಯ ಕಟ್ತಿದ್ದದ್ದು ಅವನಿಗೆ ಗೊತ್ತಿತ್ತಾ? ಗೊತ್ತೇ ಇರಲಿಲ್ಲ, ಪಾಪದ ಪ್ರಾಣಿ, ತನ್ನ ಮುಷ್ಟಿಗೇ ಎಲ್ಲರೂ ಉರುಳ್ತಿದಾರೆ ಅಂತ ನಂಬಿದ್ದ ಅಂತಾರೆ ಬಹಳ ಜನ. ನನಗೆ ಅನುಮಾನ.

ಗರಡಿಹುಡುಗ · ಭಾನುವಾರ ಬೆಳಗ್ಗೆ 8:25

ಸಾರ್, ನಮ್ಮ ಮೈಸೂರಲ್ಲಿ ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟೋ ಶಾಸ್ತ್ರ ಒಂದಿದೆ. ಪೈಲ್ವಾನರು ಬಂದು ನಿಲ್ತಾರೆ, ತೂಕ ನೋಡ್ತಾರೆ, ವಯಸ್ಸು ನೋಡ್ತಾರೆ, ಎಷ್ಟು ವರ್ಷದಿಂದ ಮಟ್ಟಿಗೆ ಇಳೀತಿದ್ದಾನೆ ಕೇಳ್ತಾರೆ, ಆಮೇಲೆ ಇಬ್ಬರ ಕೈ ಕೂಡಿಸ್ತಾರೆ. ಹತ್ತು ಜನ ವಸ್ತಾದರ ಕಣ್ಣ ಮುಂದೆ ಆಗೋ ಕೆಲಸ. ಜೋಡಿ ಸರಿ ಇಲ್ಲ ಅಂದ್ರೆ ಅಲ್ಲೇ ಗಲಾಟೆ. ಆ ಸೇ ಮಾಡಿದ್ದೂ ಜೋಡಿ ಕಟ್ಟೋದೇ, ಬಾಗಿಲು ಹಾಕ್ಕೊಂಡು ಮಾಡಿದ ಅಷ್ಟೇ.

ಇನ್ನೊಂದು ಮಾತು. ವಿಜಯದಶಮಿ ದಿನ ಅರಮನೇಲಿ ವಜ್ರಮುಷ್ಠಿ ಕಾಳಗ ನೋಡಿದ್ದೀರಲ್ಲ? ಜಟ್ಟಿಗಳು ತಲೆ ಬೋಳಿಸ್ಕೊಂಡು ಮುಷ್ಟಿಗೆ ಆಯುಧ ಹಾಕ್ಕೊಂಡು ಇಳೀತಾರೆ, ಒಬ್ಬನ ತಲೇಲಿ ಒಂದು ಹನಿ ರಕ್ತ ಕಂಡ್ರೆ ಮುಗೀತು. ನಿಮಿಷವೂ ಆಗಲ್ಲ. ಅಲ್ಲಿ ಗೆದ್ದೋನು ಯಾರು ಅಂತ ಯಾರೂ ತಲೆ ಕೆಡಿಸ್ಕೊಳ್ಳಲ್ಲ. ಟಿಕೆಟ್ಟು, ಬಾಜಿ, ಮ್ಯಾನೇಜರು ಬಂದ ಮೇಲೇ ಈ ರೋಗ ಎಲ್ಲಾ.

ಲೆಕ್ಕಪರಿಶೋಧಕ · ಭಾನುವಾರ ಬೆಳಗ್ಗೆ 9:10

ಮ್ಯಾನೇಜರ್ ಅಂದ್ರೆ ಡಾಕ್ ಕರ್ನ್ಸ್, ಮಿಕ್ಕವರೆಲ್ಲಾ ಅವನ ಮುಂದೆ ಬಚ್ಚಾಗಳು. ಆಗಿನ ವಿಶ್ವ ಹೆವಿವೇಟ್ ಚಾಂಪಿಯನ್ ಜಾಕ್ ಡೆಂಪ್ಸಿಯ ಮ್ಯಾನೇಜರ್. 1923ರ ಜುಲೈ 4, ಮೊಂಟಾನಾ ರಾಜ್ಯದ ಶೆಲ್ಬಿ ಅನ್ನೋ ಪುಟ್ಟ ಊರು. ಅಲ್ಲಿ ಎಣ್ಣೆ ಸಿಕ್ಕಿತ್ತು, ಊರಿಗೆ ಹೆಸರು ಬೇಕಿತ್ತು, ವಿಶ್ವ ಚಾಂಪಿಯನ್ ಪಂದ್ಯ ನಮ್ಮೂರಲ್ಲೇ ಆಗಲಿ ಅಂದ್ರು. ಕರ್ನ್ಸ್ 3 ಲಕ್ಷ ಡಾಲರ್ ಕೇಳಿದ, 3 ಕಂತಲ್ಲಿ. 40,000 ಜನ ಕೂರೋ ಮರದ ಕ್ರೀಡಾಂಗಣ ಕಟ್ಟಿದ್ರು. ಕೊನೇ ಕಂತಿಗೆ ದುಡ್ಡಿಲ್ಲ. ಡಾಲರ್ ಬದಲು ಕುರಿ ಮಂದೆ ಕೊಡ್ತೀವಿ ಅಂದ್ರಂತೆ! ನ್ಯೂಯಾರ್ಕಿನ ಮನೇಲಿ ಕುರಿ ಇಟ್ಕೊಂಡು ನಾನೇನ್ ಮಾಡ್ಲಿ ಅಂದನಂತೆ ಕರ್ನ್ಸ್. ಪಂದ್ಯ ನಡೆಯುತ್ತೋ ಇಲ್ಲವೋ ಅನ್ನೋ ಗೊಂದಲದಲ್ಲಿ ಜನರೇ ಬರಲಿಲ್ಲ, ಟಿಕೆಟ್ ತಗೊಂಡು ಒಳಗೆ ಬಂದವರು 7,000 ಆಸುಪಾಸು. 15 ಸುತ್ತು ಹೊಡೆದಾಡಿದ ಎದುರಾಳಿ ಟಾಮಿ ಗಿಬ್ಬನ್ಸ್‌ಗೆ ಒಂದು ಕಾಸೂ ಸಿಗಲಿಲ್ಲ. ಕರ್ನ್ಸ್ ಸಿಕ್ಕಿದ್ದನ್ನ ಬಾಚಿಕೊಂಡು ರೈಲು ಹತ್ತಿದ. ಆ ಭಾಗದ ಬ್ಯಾಂಕುಗಳೇ ಒಂದೊಂದಾಗಿ ಬಾಗಿಲು ಹಾಕಿದವು.

ಕುರಿ ಕೊಬ್ಬಿದಷ್ಟೂ ಕುರುಬನಿಗೆ ಲಾಭ ಅಂತಾರೆ. ಇಲ್ಲಿ ಕುರುಬ ಕುರೀನೇ ಬೇಡ ಅಂದುಬಿಟ್ಟ.

ನಿರ್ವಾಹಕ · ಭಾನುವಾರ ಬೆಳಗ್ಗೆ 9:31

ಕುರಿ ವಿಷಯಕ್ಕೆ ಬೇರೆ ಎಳೆ ತೆರೀರಿ. ಇಲ್ಲಿ ಕಾರ್ನೇರಾ.

ಹಳೇಪೇಪರ್ · ಭಾನುವಾರ ಬೆಳಗ್ಗೆ 10:15

ಕುರಿ ಇರಲಿ ಬಿಡಿ ನಿರ್ವಾಹಕರೇ, ಚೆನ್ನಾಗಿದೆ.

ಮುಂದುವರಿಸ್ತೀನಿ. 1930ರ ಜನವರಿಗೆ ಸೇ ಇವನನ್ನ ಅಮೆರಿಕಕ್ಕೆ ಕರ್ಕೊಂಡು ಹೋದ. ಅಲ್ಲಿ ಅವನಿಗಿಂತ ದೊಡ್ಡ ಹದ್ದುಗಳು ಕಾಯ್ತಿದ್ವು. ಪಾನನಿಷೇಧದ ಕಾಲ, ಕಳ್ಳ ಮದ್ಯದ ದುಡ್ಡಲ್ಲಿ ಕೊಬ್ಬಿದ ಓನಿ ಮ್ಯಾಡನ್, ಬಿಲ್ ಡಫಿ ಇಂಥವರು. ಕಾರ್ನೇರಾ ಹೋಳುಹೋಳಾಗಿ ಪಾಲಾದ. ಇವನಿಗೊಂದು ಪಾಲು, ಅವನಿಗೊಂದು ಪಾಲು, ಪಾಲು ಹಾಕಿದವನಿಗೂ ಒಂದು ಪಾಲು. ಏಟು ತಿನ್ನೋನಿಗೆ ಉಳಿದದ್ದು ಚಿಲ್ಲರೆ.

ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮೊದಲ ಪಂದ್ಯ, ಬಿಗ್ ಬಾಯ್ ಪೀಟರ್ಸನ್ ಮೊದಲ ಸುತ್ತಲ್ಲೇ ಮಲಗಿದ. ಆಮೇಲೆ ಊರೂರು ತಿರುಗಾಟ, ಊರಿಗೊಬ್ಬ ಮಲಗೋನು.

ಇದರಲ್ಲಿ ನನಗೆ ಬಲು ಇಷ್ಟದ್ದು ಓಕ್ಲೆಂಡ್ ಪಂದ್ಯ, 1930ರ ಏಪ್ರಿಲ್. ಎದುರಾಳಿ ಬಾಂಬೊ ಶೆವಲಿಯರ್. ಅವನಿಗೆ ಯಾರೂ ಸರಿಯಾಗಿ ಹೇಳಿಕೊಟ್ಟಿರಲಿಲ್ಲವೋ, ಅಥವಾ ಹೇಳಿದ್ದನ್ನ ರಿಂಗಲ್ಲಿ ಮರೆತನೋ, ಸುತ್ತಿನ ಮೇಲೆ ಸುತ್ತು ನಿಂತೇ ಇದ್ದಾನೆ, ಕಾರ್ನೇರಾಗೆ ಹೊಡೀತಾನೂ ಇದ್ದಾನೆ. ಬಾಕ್ಸಿಂಗ್‌ನಲ್ಲಿ ಟವೆಲ್ ಎಸೆದ್ರೆ ನಮ್ಮ ಹುಡುಗನ ಕೈಲಿ ಇನ್ನಾಗಲ್ಲ, ಸೋತಿದ್ದೀವಿ ಅಂತ ಅರ್ಥ. 6ನೇ ಸುತ್ತಲ್ಲಿ ಶೆವಲಿಯರ್ ಚೆನ್ನಾಗೇ ಆಡ್ತಿರುವಾಗ ಅವನದೇ ಮೂಲೆಯಿಂದ, ಅವನದೇ ಸಹಾಯಕ, ಟವೆಲ್ ಎಸೆದುಬಿಟ್ಟ! ಬೆವರು ಒರೆಸೋಕೆ ತಂದದ್ದು ಗಾಳೀಲಿ ಹಾರಿ ಬಂದು ರಿಂಗಲ್ಲಿ ಬಿತ್ತು. ಜನ ರೊಚ್ಚಿಗೆದ್ದು ಗಲಾಟೆ ಎಬ್ಬಿಸಿದ್ರು. ಕ್ಯಾಲಿಫೋರ್ನಿಯಾ ಬಾಕ್ಸಿಂಗ್ ಆಯೋಗ ಕಾರ್ನೇರಾನ್ನ ರಾಜ್ಯದಲ್ಲಿ ಆಡದ ಹಾಗೆ ಮಾಡ್ತು.

ಈಗ ಹೇಳಿ. ಗೆಲ್ತಿರೋನ ಕಡೆಯಿಂದ ಟವೆಲ್ ಬಂದದ್ದನ್ನ ಕಣ್ಣಾರೆ ನೋಡಿದವನಿಗೆ ಏನೂ ಹೊಳೀಲಿಲ್ಲ ಅಂದ್ರೆ ನಂಬೋದಾ?

ಬೆಲ್ಲದಚ್ಚು · ಭಾನುವಾರ ಮಧ್ಯಾಹ್ನ 12:05

ನಂಬಬಹುದು. ಭಾಷೆ ಬರದ ದೇಶ, ಪಕ್ಕದಲ್ಲಿರೋರೆಲ್ಲಾ ಶಭಾಷ್ ಅಂತಿದ್ದಾರೆ, ಪೇಪರಲ್ಲಿ ಫೋಟೋ. ನಮ್ಮ ಮನೆ ಮಕ್ಕಳಿಗೆ ಕೇರಂನಲ್ಲಿ ಬೇಕಂತಲೇ ಸೋತಾಗ ಅವು ಕುಣಿಯೋದಿಲ್ವಾ?

ಆದ್ರೆ ಎಲ್ಲರೂ ನಗೋ ಈ ಕತೇಲಿ ನಗು ಬರದ ಜಾಗ ಒಂದಿದೆ, ಅದನ್ನ ಬಿಡಬೇಡಿ. 1933ರ ಫೆಬ್ರವರಿ 10, ಅರ್ನಿ ಶಾಫ್ ಜೊತೆ ಪಂದ್ಯ. 13ನೇ ಸುತ್ತಲ್ಲಿ ನೋಡೋಕೆ ಏನೇನೂ ಅಲ್ಲದ ಒಂದು ಎಡಗೈ ಏಟಿಗೆ ಶಾಫ್ ಬಿದ್ದ. ಮೋಸ, ನಾಟಕ ಅಂತ ಜನ ಕೂಗಿದ್ರು. ನಾಟಕ ಆಗಿರಲಿಲ್ಲ. ನಾಲ್ಕು ದಿನಕ್ಕೆ ಶಾಫ್ ಆಸ್ಪತ್ರೇಲಿ ಸತ್ತ. ಹಿಂದಿನ ಆಗಸ್ಟಲ್ಲೇ ಮ್ಯಾಕ್ಸ್ ಬೇಯರ್ ಕೈಲಿ ಭಯಂಕರ ಏಟು ತಿಂದಿದ್ದ, ಈ ಪಂದ್ಯಕ್ಕೆ ಮುಂಚೆ ಜ್ವರ ಬಂದು ಮಲಗಿದ್ದ, ಆ ಸ್ಥಿತೀಲೇ ರಿಂಗಿಗೆ ಬಂದಿದ್ದ. ಆದ್ರೂ ಕಾರ್ನೇರಾ ಕುಸಿದು ಹೋದ.

ಅವನ ಕಡೆಯವರು ಏನ್ ಮಾಡಿದ್ರು ಗೊತ್ತಾ? ನೋಡಿ, ನಮ್ಮವನ ಏಟು ಎಂಥದ್ದು ಅಂತ ಅದನ್ನೇ ಜಾಹೀರಾತು ಮಾಡ್ಕೊಂಡ್ರು. ನ್ಯೂಯಾರ್ಕ್ ಬಾಕ್ಸಿಂಗ್ ಆಯೋಗದವರು ಗಾಬರಿಯಾಗಿ, ಇಂಥ ದೈತ್ಯರಿಗೆ ಬೇರೆಯದೇ ತೂಕದ ವರ್ಗ ಮಾಡಿ, ಯುದ್ಧನೌಕೆಗೆ ಇಡೋ ಡ್ರೆಡ್‌ನಾಟ್ ಅನ್ನೋ ಹೆಸರಿಡೋಣ ಅಂತ ಹೊರಟಿದ್ರು. ಒಂದು ಇರುವೆ ತುಳಿಯೋಕೂ ಹೆದರೋನಿಗೆ ಯುದ್ಧನೌಕೆ ಹೆಸರು.

ಲೆಕ್ಕಪರಿಶೋಧಕ · ಭಾನುವಾರ ಮಧ್ಯಾಹ್ನ 12:40

ಇರುವೆಗೆ ದಾಖಲೆ ಇದೆಯಾ ಮೇಡಂ?

ಒಂದು ತಿದ್ದುಪಡಿ. ಅವನ ಎಲ್ಲಾ ಗೆಲುವೂ ಬೋಗಸ್ ಅಲ್ಲ. ನೂರು ದಾಟಿದ ಪಂದ್ಯಗಳಲ್ಲಿ 88 ಗೆದ್ದಿದ್ದಾನೆ, ಅಷ್ಟನ್ನೂ ದುಡ್ಡು ಕೊಟ್ಟು ಕೊಳ್ಳೋಕೆ ಮ್ಯಾಡನ್ ಕೈಲೂ ಆಗ್ತಿರಲಿಲ್ಲ. ಆಡ್ತಾ ಆಡ್ತಾ ಎಡಗೈ ಹೊಡೆತ ಸಾಕಷ್ಟು ಕಲಿತಿದ್ದ. 1933ರ ಜೂನ್ 29ರಂದು ಜಾಕ್ ಶಾರ್ಕಿಯನ್ನ 6ನೇ ಸುತ್ತಲ್ಲಿ ಕೆಡವಿ ವಿಶ್ವ ಹೆವಿವೇಟ್ ಚಾಂಪಿಯನ್ ಆದಾಗ, ಇದೂ ಕಟ್ಟಿದ ಪಂದ್ಯ ಅಂತ ಜನ ಆಡಿಕೊಂಡ್ರು. ಶಾರ್ಕಿ ಒಪ್ಪಲಿಲ್ಲ. ಮುಂದಿನ ವರ್ಷ ಮಾರ್ಚ್‌ನಲ್ಲಿ ಮಯಾಮಿಯಲ್ಲಿ ಟಾಮಿ ಲಾಕ್ರನ್ ಮೇಲೆ 15 ಸುತ್ತು ಆಡಿ ಗೆದ್ದ. ಇಬ್ಬರ ತೂಕದಲ್ಲಿ 39 ಕೆಜಿ ವ್ಯತ್ಯಾಸ. ಲಾಕ್ರನ್‌ಗೆ ಮುಷ್ಟಿ ಏಟಿಗಿಂತ ಕಾಲು ತುಳಿಸಿಕೊಂಡದ್ದೇ ಜಾಸ್ತಿ ನೋವಾಯ್ತಂತೆ.

ಹಳೇಪೇಪರ್ · ಭಾನುವಾರ ಮಧ್ಯಾಹ್ನ 1:20

ಒಪ್ಪಿದೆ. ನಾನು ಹೇಳಬೇಕು ಅಂತಿದ್ದದ್ದಕ್ಕೂ ಇದೇ ದಾರಿ.

ಎಲ್ಲರೂ ಸೇಯನ್ನ ಬೈತಾರೆ, ಕಟ್ಟಿದ ಪಂದ್ಯ ಆಡಿಸಿದ ಅಂತ. ಆಮೇಲೆ ಆತನೇ ಪುಸ್ತಕ ಬರೆದು ಒಪ್ಪಿಕೊಂಡ, ಅದರಲ್ಲೂ ಹುಡುಗನಿಗೆ ಏನೂ ಗೊತ್ತಿರಲಿಲ್ಲ ಅಂದ. ಆದ್ರೆ ಯೋಚನೆ ಮಾಡಿ, ಕಟ್ಟಿದ ಪಂದ್ಯದಲ್ಲಿ ಕಾರ್ನೇರಾಗೆ ಏಟು ಬೀಳ್ತಿರಲಿಲ್ಲ. ಎದುರಿನವನು ದುಡ್ಡು ಇಸ್ಕೊಂಡು ಮೆತ್ತಗೆ ಮಲಗ್ತಿದ್ದ. ಯಾರ ಮೂಗೂ ಒಡೀತಿರಲಿಲ್ಲ. ಇವನ ಮನಸ್ಸಿಗೆ ಹೊಂದೋ ಬಾಕ್ಸಿಂಗ್ ಅದೊಂದೇ!

ಕ್ರೌರ್ಯ ಶುರುವಾದದ್ದು ಪಂದ್ಯಗಳು ನಿಜವಾದಾಗ. ಆ ಹೊತ್ತಿಗೆ ಸೇಯನ್ನೂ ಪಕ್ಕಕ್ಕೆ ತಳ್ಳಿದ್ರು. 1934ರ ಜೂನ್ 14, ಎದುರಿಗೆ ಮ್ಯಾಕ್ಸ್ ಬೇಯರ್. ಇಬ್ಬರೂ ಹಿಂದಿನ ವರ್ಷ ಒಂದೇ ಸಿನಿಮಾದಲ್ಲಿ ನಟಿಸಿದ್ರು, ಶೂಟಿಂಗ್ ಮಧ್ಯೆ ಬೇಯರ್ ಇವನ ನಡೆಯೆಲ್ಲಾ ಅಳತೆ ಹಾಕ್ಕೊಂಡಿದ್ದ. ಆ ರಾತ್ರಿ ಕಾರ್ನೇರಾ 11 ಸಲ ಬಿದ್ದ. ಬಿದ್ದಷ್ಟು ಸಲವೂ ಎದ್ದ. ಒಂದು ಸಲ ಇಬ್ಬರೂ ತೆಕ್ಕೆ ಹಾಯ್ದು ಒಟ್ಟಿಗೇ ಉರುಳಿದಾಗ ಬೇಯರ್ ಜೋಕ್ ಹೊಡೆದನಂತೆ. 11ನೇ ಸುತ್ತಲ್ಲಿ ಪಂದ್ಯ ನಿಲ್ಲಿಸಿದ್ರು. ಮರು ವರ್ಷ ಜೂನ್‌ನಲ್ಲಿ ಜೋ ಲೂಯಿಸ್ ಮುಂದೆ 6ನೇ ಸುತ್ತಲ್ಲಿ ಸೋತ. 1936ರಲ್ಲಿ ಲೆರಾಯ್ ಹೇನ್ಸ್ ಕೈಲಿ ಎರಡು ಸಲ ಸೋತು ಎಡಗಾಲು ಸ್ವಾಧೀನ ತಪ್ಪಿ ಆಸ್ಪತ್ರೆ ಸೇರಿದ. 1938ರಲ್ಲಿ ಒಂದು ಮೂತ್ರಪಿಂಡ ತೆಗೆದ್ರು. ಪಾಲು ತಗೊಂಡಿದ್ದ ಮಹನೀಯರು ಯಾರೂ ಹಣ್ಣು ಹಿಡ್ಕೊಂಡು ನೋಡೋಕೆ ಹೋದ ಹಾಗೆ ಕಾಣಲ್ಲ.

ಬೆಲ್ಲದಚ್ಚು · ಭಾನುವಾರ ಮಧ್ಯಾಹ್ನ 1:55

ಆ ಬೇಯರ್ ಕೂಡ ಮೆತ್ತನೆಯವನೇ. 1930ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವನ ಏಟಿಗೆ ಫ್ರ್ಯಾಂಕಿ ಕ್ಯಾಂಬೆಲ್ ಸತ್ತ. ಅದು ಬಹಳ ಕಾಲ ಅವನನ್ನ ಕಾಡಿತು, ಆ ಸಂಸಾರಕ್ಕೆ ದುಡ್ಡು ಕೊಟ್ಟ. ರಿಂಗಲ್ಲಿ ಆಡ್ತಿದ್ದ ಕೋತಿಚೇಷ್ಟೆ ಎಲ್ಲಾ ಆ ಭಯ ಮುಚ್ಚೋಕೇನೋ ಅನ್ಸುತ್ತೆ ನಂಗೆ. ಇನ್ನು ಅವನು ತನ್ನ ಗಳಿಕೆಯ ಪಾಲುಗಳನ್ನ ಸಿಕ್ಕಸಿಕ್ಕವರಿಗೆ ಮಾರಿ ಮಾರಿ, ಒಟ್ಟು ಕೂಡಿದ್ರೆ ನೂರಕ್ಕೆ ನೂರು ದಾಟಿತ್ತು! ಮ್ಯಾನೇಜರ್ ಆನ್ಸಿಲ್ ಹಾಫ್‌ಮನ್ ಪಾಪ ಅದನ್ನೆಲ್ಲಾ ಬಿಡಿಸಿ, ದುಡ್ಡನ್ನ ಬೇಯರ್ ಕೈಗೇ ಸಿಗದ ಹಾಗೆ ಕೂಡಿಟ್ಟ. ಎಲ್ಲಾ ಮ್ಯಾನೇಜರುಗಳೂ ಒಂದೇ ಅಲ್ಲ.

ಕಡಲತಡಿ · ಭಾನುವಾರ ಮಧ್ಯಾಹ್ನ 3:30

ನಾನು ಇರುವುದು ಹ್ಯಾಂಬರ್ಗಿನಲ್ಲಿ, ಊರು ಉಡುಪಿ ಹತ್ತಿರ. ಇದೇ ಊರಲ್ಲಿ 1935ರ ಮಾರ್ಚಿನಲ್ಲಿ ನಡೆದದ್ದು ಹೇಳ್ತೇನೆ. ಮ್ಯಾಕ್ಸ್ ಶ್ಮೆಲಿಂಗ್ ಜರ್ಮನಿಯ ಬಾಕ್ಸರ್, ಅವನ ಮ್ಯಾನೇಜರ್ ಜೋ ಜೇಕಬ್ಸ್ ನ್ಯೂಯಾರ್ಕಿನ ಯಹೂದಿ. ಹಿಟ್ಲರನ ಕಾಲ ಮಾರಾಯ್ರೆ! ಶ್ಮೆಲಿಂಗ್ ಗೆದ್ದ, ಜನ ಎಲ್ಲ ಎದ್ದು ನಾಜಿ ಸೆಲ್ಯೂಟು ಹೊಡೆದ್ರು. ರಿಂಗಿನಲ್ಲಿದ್ದ ಜೇಕಬ್ಸಿಗೆ ಏನು ಮಾಡುವುದು ಗೊತ್ತಾಗ್ಲಿಲ್ಲ, ಅವನೂ ಕೈ ಎತ್ತಿದ. ಎತ್ತಿದ ಕೈಯಲ್ಲಿ ಚುರುಟು! ಆ ಫೋಟೋ ಎರಡೂ ಕಡೆಯವರಿಗೆ ಉರಿ ಹತ್ತಿಸಿತು. ಅವನನ್ನು ಬಿಡು ಅಂತ ಶ್ಮೆಲಿಂಗಿಗೆ ಮೇಲಿನಿಂದ ಒತ್ತಡ ಇತ್ತು, ಬಿಡ್ಲಿಲ್ಲ. 1938ರ ನವೆಂಬರಿನಲ್ಲಿ ಯಹೂದಿಗಳ ಮೇಲೆ ನಡೆದ ಗಲಭೆಯಲ್ಲಿ ಗೆಳೆಯನ ಇಬ್ಬರು ಯಹೂದಿ ಹುಡುಗರನ್ನು ಬರ್ಲಿನ್ನಿನಲ್ಲಿ ತನ್ನ ಹೋಟೆಲ್ ಕೋಣೆಯಲ್ಲಿ ಅಡಗಿಸಿಟ್ಟವನೂ ಅವನೇ. ಮ್ಯಾನೇಜರ್ ಬಾಕ್ಸರನ್ನು ಸಾಕುವುದಲ್ಲ, ಕೆಲವು ಸಲ ಬಾಕ್ಸರೇ ಮ್ಯಾನೇಜರನ್ನು ಸಾಕ್ತಾನೆ.

ಕಟಗ_ರೊಟ್ಟಿ · ಭಾನುವಾರ ಸಂಜೆ 5:15

ಕಡಲತಡಿಯವರ ಕಡೀ ಮಾತ ಓದಿ ನಮ್ಮ ಸೋದರಮಾವ ನೆನಪಾದ. ಧಾರವಾಡ ಕಡೀಂವ ನಾ. ನಮ್ಮ ಮಾವಗ ಹೊಲ ಇರಲಿಲ್ಲ, ನೌಕರಿ ಇರಲಿಲ್ಲ, ಬಾಯಿ ಇತ್ತು. ಬಾಜೂ ಊರಾಗ ಒಬ್ಬ ಹುಡುಗನ್ನ ಹಿಡದ. ಮೈ ನೋಡಿದ್ರ ಆನಿ, ಮನಸ ನೋಡಿದ್ರ ಬೆಣ್ಣಿ. ಎದುರಿನಂವಾ "ಎಪ್ಪಾ" ಅಂದ್ರ ಸಾಕು, ಹಾಕಿದ್ದ ಪಟ್ಟ ಬಿಟ್ಟು "ಭಾಳ ಆತೇನಪಾ?" ಅಂತ ಕೇಳಂವಾ. ಹಿಂಗಾದ್ರ ಕುಸ್ತಿ ಗೆಲ್ಲೂದು ಯಾವಾಗ?

ಮಾವ ದಾರಿ ಹುಡುಕಿದ. ಜಾತ್ರಿಗೆ ಹ್ವಾದ್ರ ಮೊದಲ ಎದುರಿನ ಪೈಲ್ವಾನನ್ನ ಚಾದ ಅಂಗಡಿಗೆ ಕರದು, ಇನಾಮಿನಾಗ ಅರ್ಧಾ ನಿಂದು, ಮೂರ್ನೇ ನಿಮಿಷಕ್ಕ ಚಿತ್ ಬೀಳು ಅಂತ ಮಾತ ಮುಗಸಂವಾ. ಆಮ್ಯಾಲ ಮೈಕ್ ಹಿಡದು "ಕೊಲ್ಲಾಪುರದ ತಾಲೀಮಿನಾಗ ತಯಾರಾದ ಹುಲಿ" ಅಂತ ಒದರಂವಾ. ಆ ಹುಲಿ ಕೊಲ್ಲಾಪುರಕ್ಕ ಹೋಗಿದ್ದು ಒಮ್ಮೆ. ಅದೂ ಚಪ್ಪಲಿ ತರಾಕ.

ಊರ ಮಂದಿ ಖುರಾಕಿಗಂತ ಬದಾಮಿ, ತುಪ್ಪ, ಹಾಲು ಕೊಡತಿದ್ರು. ಅರ್ಧಾ ಮಾವನ ಹೊಟ್ಟಿಗೆ. ಒಂದ ಜಾತ್ರ್ಯಾಗ ಕಮಿಟಿಯವರು ಮಾವನ ಹೊಟ್ಟಿ ನೋಡಿ, ಪೈಲ್ವಾನ್ರ ಬರ್ರಿ ಅಂತ ಅವಗ ಹಾರ ಹಾಕಿದ್ರು!

ಒಂದ ಸಲ ಘಾತ ಆತು. ಎದುರಿನ ಹುಡುಗ ಹೊಸಬ, ಅಂಜಿದ್ದ. ನಮ್ಮಂವಾ ಇನ್ನೂ ತೊಡಿ ತಟ್ಟಾಕತ್ತಿದ್ದ, ಕೈಯರ ಹಚ್ಚಿದ್ನೇನು, ಅಷ್ಟರಾಗ ಆ ಹುಡುಗ ಧಪ್ ಅಂತ ಬೆನ್ನ ಮ್ಯಾಲ ಬಿದ್ದ. ಮಂದಿ ಎದ್ದ ನಿಂತ್ರು. ನಮ್ಮ ಪೈಲ್ವಾನ ಗಾಬರಿಯಾಗಿ ಓಡಿ ಹೋಗಿ ಅವನ ತಲಿ ತೊಡಿ ಮ್ಯಾಲ ಇಟಗೊಂಡು, "ಯಪ್ಪಾ, ಹುಡುಗಗ ಚಕ್ಕರ ಬಂದೈತಿ, ನೀರ ತರ್ರಿ, ಗಾಡಿ ಹೂಡ್ರಿ" ಅಂತ ಅಳಾಕ ಶುರು ಮಾಡಿದ. ಮಂದಿ ಸಿಟ್ಟೆಲ್ಲಾ ಇಳದ ಹೋತು. ಕಡಿಗೆ ಆ ಬಿದ್ದ ಹುಡುಗನ್ನ ಎತ್ತಿನ ಗಾಡ್ಯಾಗ ಹಾಕಿ ಖರೇನ ದವಾಖಾನಿಗೆ ಒಯ್ದರು. ಡಾಕ್ಟರು ಸೂಜಿ ಸೈತ ಮಾಡಿದ್ರು.

ಗರಡಿಹುಡುಗ · ಭಾನುವಾರ ಸಂಜೆ 5:40

ಅಯ್ಯೋ, ನಗು ತಡೆಯಕ್ಕಾಗ್ತಿಲ್ಲ. ಸೂಜಿ ಬೇರೆ!

ಆದ್ರೆ ಕೇಳ್ತೀನಿ, ಆ ಪೈಲ್ವಾನರಿಗಾದ್ರೂ ಗೊತ್ತಿತ್ತಾ ಮಾವನ ವ್ಯವಹಾರ? ಈಗ ಇದ್ದಾರಾ ಅವರು?

ಕಟಗ_ರೊಟ್ಟಿ · ಭಾನುವಾರ ಸಂಜೆ 5:52

ಅದಾರ. ಎಮ್ಮಿ ಸಾಕ್ಯಾರ. ಕೇಳಿ ಹೇಳತೇನಿ.

ಹಳೇಪೇಪರ್ · ಭಾನುವಾರ ರಾತ್ರಿ 8:10

ಅಷ್ಟರಲ್ಲಿ ನಾನು ಕಾರ್ನೇರಾ ಕತೆ ಮುಗಿಸ್ತೀನಿ, ಯಾಕಂದ್ರೆ ಬಹಳ ಜನ ಜೋ ಲೂಯಿಸ್ ಹತ್ತಿರ ನಿಲ್ಲಿಸಿಬಿಡ್ತಾರೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಅವನು ಮತ್ತೆ ಅಮೆರಿಕಕ್ಕೆ ಬಂದ. ಈ ಸಲ ಕುಸ್ತಿಗೆ. ನಮ್ಮ ಗರಡಿ ಕುಸ್ತಿ ಅಲ್ಲ, ಟಿವಿಯಲ್ಲಿ ಬರುತ್ತಲ್ಲ, ಯಾರು ಗೆಲ್ಲಬೇಕು ಅಂತ ಮೊದಲೇ ನಿಕ್ಕಿಯಾಗಿರೋದು, ಅದು. ಆಡೋರಿಗೂ ಗೊತ್ತು, ನೋಡೋರಿಗೂ ಗೊತ್ತು. ಅಲ್ಲಿ ಅವನು ನಿಜವಾಗಿ ದುಡ್ಡು ಮಾಡಿದ, ದುಡಿದದ್ದು ತನ್ನ ಕೈಗೇ ಬಂತು. 1953ರಲ್ಲಿ ಅಮೆರಿಕದ ಪೌರನಾದ, ಕ್ಯಾಲಿಫೋರ್ನಿಯಾದ ಗ್ಲೆಂಡೇಲ್‌ನಲ್ಲಿ ಮದ್ಯದಂಗಡಿ ಇಟ್ಟ. ಹಿಂದೆ ಟವೆಲ್ ಹಾರಿದ್ದಕ್ಕೆ ಬಾಗಿಲು ಹಾಕಿದ್ದ ಅದೇ ಕ್ಯಾಲಿಫೋರ್ನಿಯಾ! ಕಾಯಿಲೆ ಜೋರಾದಾಗ ಸೆಕ್ವಾಲ್ಸ್‌ಗೆ ವಾಪಸ್ ಹೋಗಿ, 1967ರ ಜೂನ್ 29ರಂದು ತೀರಿಕೊಂಡ. ಚಾಂಪಿಯನ್ ಆದ ದಿನವೇ, 34 ವರ್ಷದ ಮೇಲೆ. ಅವನು ಕಟ್ಟಿಸಿದ ಮನೆ ಈಗಲೂ ಅಲ್ಲಿದೆ, ಜನ ಹೋಗಿ ನೋಡ್ತಾರೆ.

ಲೆಕ್ಕಪರಿಶೋಧಕ · ಭಾನುವಾರ ರಾತ್ರಿ 8:32

ಹಾಗಾದ್ರೆ ಅವನಿಗೆ ಗೊತ್ತಿತ್ತು ಅಂತಾನೇ ನನ್ನ ಮತ. ಗೊತ್ತಿಲ್ಲದೆ ಇದ್ದಿದ್ರೆ, ಅಷ್ಟು ಅವಮಾನ ಆದವನು ಮತ್ತೆ ಕಟ್ಟಿದ ಆಟಕ್ಕೇ ಖುಷಿಯಿಂದ ಹೋಗ್ತಿದ್ನಾ?

ಬೆಲ್ಲದಚ್ಚು · ಭಾನುವಾರ ರಾತ್ರಿ 8:41

ಹೊಟ್ಟೆಪಾಡು ಸಾರ್. ನಿಮ್ಮ ಲೆಕ್ಕದಲ್ಲಿ ಅದಕ್ಕೆ ಕಾಲಂ ಇಲ್ಲ ಅನ್ಸುತ್ತೆ.

ಕಟಗ_ರೊಟ್ಟಿ · ಸೋಮವಾರ ಬೆಳಗ್ಗೆ 6:30

ರಾತ್ರಿ ಫೋನ್ ಹಚ್ಚಿದ್ದೆ ಪೈಲ್ವಾನಗ. ಹಾಲ ಹಿಂಡಿ ಬಂದು ಕುಂತಿದ್ರು. ಹಿಂಗಿಂಗ, ಒಬ್ಬಾಂವ ಇಟಲಿಯಂವ ಇದ್ದ, ಅವಗ ಗೊತ್ತಿತ್ತೋ ಇಲ್ಲೋ ಅಂತ ಇಲ್ಲೆ ಜಗಳ ನಡದೈತ್ರಿ, ನಿಮಗ ಗೊತ್ತಿತ್ತೇನ್ರಿ ಅಂತ ಕೇಳಿದೆ.

ಭಾಳೊತ್ತು ನಕ್ಕರು. "ಗೊತ್ತಿಲ್ಲದ ಏನೋ ತಮ್ಮಾ? ಚಾದ ಅಂಗಡಿಯಂವಾ ನಮ್ಮ ದೊಡ್ಡಪ್ಪನ ಮಗ" ಅಂದ್ರು.

ಮತ್ತ ಆ ಹೊಸ ಹುಡುಗ ಬಿದ್ದಾಗ ಯಾಕ ಅತ್ರಿ ಅಂದೆ.

"ಅಂವಾ ಕೈ ಹಚ್ಚೂಕಿಂತ ಮೊದಲ ಬಿದ್ದನಲ್ಲೋ. ಮಂದಿ ಕಲ್ಲ ಆರಿಸಾಕತ್ತಿದ್ರು. ನಾ ಅತ್ತು ಕರದು ಮಾಡಿದ್ದಕ್ಕ ನಿಮ್ಮ ಮಾವ ಜೀವಂತ ಮನೀಗೆ ಬಂದ."

ಬದಾಮಿ ತುಪ್ಪದ ಲೆಕ್ಕಾನೂ ಗೊತ್ತಿತ್ತೇನ್ರಿ ಅಂತ ಕೇಳಬೇಕಂದೆ, ಅಷ್ಟರಾಗ ಎಮ್ಮಿ ಒದರಿತು, ಇಟ್ಟಬಿಟ್ರು.